ಹುಟ್ಟಿದ ದೇಶವೇ ಅನುಮಾನಕ್ಕೆ ಕಾರಣವಾದಾಗ

ಹೊರಗಿನಿಂದ ಬಂದವರನ್ನು ನಂಬಬಹುದೇ? ಹಲವು ದೇಶಗಳಲ್ಲಿ ಇಂದು ಕೇಳಿಬರುತ್ತಿರುವ ಈ ಪ್ರಶ್ನೆ ನಮ್ಮ ಕರಾವಳಿಗೆ ಹೊಸದಲ್ಲ. ನಮ್ಮ ಬೆಳ್ಳೂರು, ಕಾಸರಗೋಡು ಎಲ್ಲವೂ 1956ರವರೆಗೆ ಮಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಜಿಲ್ಲೆಗೇ ಸೇರಿದ್ದವು. ಆದ್ದರಿಂದ ಮಂಗಳೂರಿನ ಈ ಕಥೆ ನಮ್ಮದೂ ಹೌದು.

1833ರ ಚಾರ್ಟರ್ ಕಾಯಿದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. 1835ರಲ್ಲಿ ಸರಕಾರ ಪತ್ರಿಕೆಗಳ ಮೇಲಿದ್ದ ಪರವಾನಗಿಯ ಕಟ್ಟುಪಾಡನ್ನು ತೆಗೆದುಹಾಕಿತು. ಬಾಸೆಲ್ ಮಿಷನ್ನಿನವರೇ ಆದ ಜರ್ಮನಿಯ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. 1894ರಲ್ಲಿ ಕಿಟೆಲರ ನಿಘಂಟು ಪ್ರಕಟವಾಯಿತು. ಬಂದವರಿಗೆ ನೆಲೆಸುವ, ಬರೆಯುವ ಅವಕಾಶ ಸಿಕ್ಕಿತು. ಅದರ ಫಲ ನಮ್ಮ ಭಾಷೆಗೆ ದೊರೆಯಿತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಆಗಿನ ಭಯ ಬರೀ ಕಲ್ಪನೆಯಾಗಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಜರ್ಮನಿಯ 'ಎಮ್ಡೆನ್' ಹಡಗು ಮದರಾಸು ಬಂದರಿನ ಮೇಲೆ ಗುಂಡು ಹಾರಿಸಿತ್ತು. ಆದರೆ ಬ್ರಿಟಿಷ್ ಸರಕಾರ ಯಾರು ಏನು ಮಾಡಿದರು ಎಂದು ನೋಡಲಿಲ್ಲ, ಎಲ್ಲಿ ಹುಟ್ಟಿದರು ಎಂದಷ್ಟೇ ನೋಡಿತು. ಜರ್ಮನ್ ಮಿಷನರಿಗಳು 'ಶತ್ರು ದೇಶದವರು' ಎನಿಸಿಕೊಂಡರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟು, ಮುಂದೆ ಕುಟುಂಬ ಸಮೇತ ಜರ್ಮನಿಗೆ ಕಳುಹಿಸಲಾಯಿತು. ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಎಂಬತ್ತು ವರ್ಷಗಳ ಒಡನಾಟ ಕೆಲವೇ ವರ್ಷಗಳಲ್ಲಿ ಮುರಿದುಬಿತ್ತು.

ದೇಶದ ರಕ್ಷಣೆ ಸರಕಾರದ ಕರ್ತವ್ಯ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಪ್ಪು ಮಾಡಿದವನನ್ನು ಹುಡುಕುವುದು ಬೇರೆ, ಒಂದು ಜನಾಂಗವನ್ನೇ ಅನುಮಾನಿಸುವುದು ಬೇರೆ.

ಇಂದು ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಕೇರಳಕ್ಕೆ ದುಡಿಯಲು ಬಂದವರನ್ನೆಲ್ಲ ನಾವು 'ಬಂಗಾಳಿಗಳು' ಎಂದು ಒಂದೇ ಹೆಸರಿನಿಂದ ಕರೆದುಬಿಡುತ್ತೇವೆ. ಎಲ್ಲೋ ಒಂದು ಕಳವಾದರೆ ಸಾಕು, ವಾಟ್ಸ್ಆ್ಯಪಿನಲ್ಲಿ ಅವರೆಲ್ಲರ ಮೇಲೂ ದೂರು ಹರಿದಾಡುತ್ತದೆ. ಭಯವನ್ನು ಹೇಳಿಕೊಳ್ಳುವ ಸ್ವಾತಂತ್ರ್ಯ ನಮಗಿದೆ. ಹೇಳುವುದು ನಿಜವೇ ಎಂದು ವಿಚಾರಿಸುವ ಹೊಣೆಯೂ ನಮ್ಮದೇ. ನಮ್ಮ ಮನೆಗಳ ಮಕ್ಕಳೂ ಗಲ್ಫಿನಲ್ಲಿ, ಯುರೋಪಿನಲ್ಲಿ ಪರದೇಶಿಗಳಾಗಿ ದುಡಿಯುತ್ತಿದ್ದಾರೆ. ಅವರನ್ನು ಊರಿನ ಹೆಸರಿನಿಂದಲ್ಲ, ನಡತೆಯಿಂದ ಅಳೆಯಲಿ ಎಂದು ಬಯಸುವ ನಾವು, ಇಲ್ಲಿಗೆ ಬಂದವರನ್ನೂ ಅದೇ ಅಳತೆಯಲ್ಲಿ ನೋಡೋಣ.