ಆಡಿಪೆರುಕ್ಕು

ತಮಿಳು ಪಂಚಾಂಗದ ಆಡಿ ಮಾಸದ 18ನೆಯ ದಿನ, ಸಾಮಾನ್ಯವಾಗಿ ಆಗಸ್ಟ್ 2 ಅಥವಾ 3ರಂದು, ಆಚರಿಸುವ ನದಿಪೂಜೆಯ ಹಬ್ಬ. ಆಡಿ ಹದಿನೆಂಟು ಎಂದೂ ಹೆಸರು. ನೈಋತ್ಯ ಮುಂಗಾರಿನಿಂದ ಕಾವೇರಿ ತುಂಬಿ, ಬಿತ್ತನೆ ಆರಂಭವಾಗುವ ಕಾಲದ ಕೃಷಿ ಬದುಕಿನಲ್ಲಿ ಇದರ ಮೂಲವಿದೆ. ಧರ್ಮಪುರಿ ಜಿಲ್ಲೆಯ ಹೊಗೇನಕಲ್ ಹಾಗೂ ಸೇಲಂ ಜಿಲ್ಲೆಯ ಮೆಟ್ಟೂರು ಪ್ರಮುಖ ಕೇಂದ್ರಗಳು. ಜನರು ಹೊಳೆಯಲ್ಲಿ ಮಿಂದು, ದಡದಲ್ಲಿ ಅರಿಸಿನ, ಕುಂಕುಮ, ಹೂ, ಹಣ್ಣು, ಕರಿಮಣಿ, ಓಲೆಗಳನ್ನಿಟ್ಟು ಕಾವೇರಿಯನ್ನು ಪೂಜಿಸುತ್ತಾರೆ. ಸುಮಂಗಲಿಯರು ತಾಳಿಯ ಅರಿಸಿನ ದಾರ ಬದಲಿಸುತ್ತಾರೆ. ನವದಂಪತಿಗಳು ಮದುವೆಯ ಹಾರಗಳನ್ನು ನೀರಿಗೆ ಬಿಡುತ್ತಾರೆ. ಮೊಳಕೆ ಧಾನ್ಯದ ಕುಂಡಗಳನ್ನು ಹೊಳೆಗೆ ಒಪ್ಪಿಸುವ ರೂಢಿಯೂ ಇದೆ. ಪುಳಿಯೋಗರೆ, ಚಿತ್ರಾನ್ನ, ಮೊಸರನ್ನಗಳು ಹಬ್ಬದೂಟ. 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟೆಯ ಬಳಿಯ ಮುನಿಯಪ್ಪನ್ ಗುಡಿಯಲ್ಲಿ ಭಕ್ತರು ಕುರಿ, ಕೋಳಿಗಳ ಹರಕೆ ತೀರಿಸುತ್ತಾರೆ. ಪ್ರವಾಹವಿದ್ದ ವರ್ಷ ಸ್ನಾನಕ್ಕೆ ನಿರ್ಬಂಧವಿರುತ್ತದೆ.