ಮೀನು ದಕ್ಕೆಗೆ ಬಂದದ್ದು ತಡವಾಗಿ

ಗಂಗೊಳ್ಳಿ ದಕ್ಕೆಯ ಏಲಂ, ಐಸಿನ ಲಾರಿ, ಸಾಲುಗಟ್ಟಿದ ಬೋಟುಗಳನ್ನು ಕಂಡವರಿಗೆ ಕುಂದಾಪುರ ಸೀಮೆಯ ಬಂದರುಗಳು ಹುಟ್ಟಿದ್ದೇ ಮೀನಿಗಾಗಿ ಅನ್ನಿಸುವುದು ಸಹಜ. ಚರಿತ್ರೆ ಹಾಗೆ ಹೇಳುವುದಿಲ್ಲ. ವಾರಾಹಿ ದಂಡೆಯ ಬಸರೂರನ್ನು ಬೆಳೆಸಿದ್ದು ಅಕ್ಕಿ. ಗೋವೆಯ ಪೋರ್ಚುಗೀಸರಿಗೆ ಈ ಅಕ್ಕಿಯಿಲ್ಲದೆ ನಡೆಯುತ್ತಿರಲಿಲ್ಲ. 16ನೇ ಶತಮಾನದ ಉತ್ತರಾರ್ಧದಲ್ಲಿ ಅವರು ಇಲ್ಲಿ ಕೋಟೆ ಹಿಡಿದದ್ದು ಅದಕ್ಕೇ. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆ ಮಾಡಿದ್ದೂ ವ್ಯಾಪಾರ ಕೂಡಿಸಿದ್ದ ಸಂಪತ್ತಿನ ಮೇಲಿನ ಕಣ್ಣಿನಿಂದ. ಬ್ರಹ್ಮಾವರದ ಕಡೆಯ ಬಾರ್ಕೂರು, ಹಂಗಾರಕಟ್ಟೆಗಳೂ ಸರಕಿನ ಮಂಜಿ ಹಡಗುಗಳನ್ನು ನಂಬಿದ ಊರುಗಳೇ.

ಹಾಗಾದರೆ ಮೀನು ಎಲ್ಲಿತ್ತು? ತೆರೆದ ಮರಳಿನ ಮೇಲೆ. ಬೈಂದೂರಿನ ಉಪ್ಪುಂದದಿಂದ ಬ್ರಹ್ಮಾವರದ ಕೋಡಿ ಬೆಂಗ್ರೆಯವರೆಗೆ ಕಡಲದಡವೇ ಮೀನಿನ ಪೇಟೆ. ರಂಪಣಿ ಎಂಬ ಎಳೆಬಲೆಗೆ ದಕ್ಕೆ ಬೇಡ. ದೋಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದರೆ ಹತ್ತಾರು ಮನೆಗಳ ಜನ ಎರಡೂ ತುದಿಯ ಹಗ್ಗ ಹಿಡಿದು ಬಂಗುಡೆ, ಬೈಗೆಯನ್ನು ದಡಕ್ಕೆ ಎಳೆಯುತ್ತಿದ್ದರು. ಪಾಲು ಅಲ್ಲೇ, ಮಾರಾಟವೂ ಅಲ್ಲೇ. ಮೊಗವೀರ, ಖಾರ್ವಿ ಹೆಂಗಸರ ಬುಟ್ಟಿ ಅಲ್ಲಿಂದಲೇ ತಲೆಗೇರುತ್ತಿತ್ತು. ಗಂಗೊಳ್ಳಿಯ ಖಾರ್ವಿಗಳು ತಲೆಮಾರುಗಳಿಂದ ಅಳಿವೆಯ ಬಾಯಲ್ಲೇ ಇದ್ದರಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇದ್ದರು, ನಿಜ. ಆದರೆ ಅವರದೂ ಮರಳಿಗೆ ಎಳೆದಿಡಬಹುದಾದ ಹಗುರ ದೋಣಿಗಳೇ. ಮದ್ರಾಸ್ ಸರ್ಕಾರ 19ನೇ ಶತಮಾನದ ಕೊನೆಗೆ ಕರಾವಳಿಯಲ್ಲಿ ಮೀನಿಗಾಗಿ ಕಟ್ಟಿಸಿದ್ದು ಸಹ ಅಗ್ಗದ ಉಪ್ಪು ಸಿಗುವ ಉಪ್ಪುಮೀನಿನ ಅಂಗಳಗಳನ್ನು, ದಕ್ಕೆಗಳನ್ನಲ್ಲ.

ಈ ವ್ಯವಸ್ಥೆಯನ್ನು ಮುರಿದದ್ದು ಇಂಜಿನ್. ಯಾಂತ್ರಿಕ ಬೋಟನ್ನು ಮರಳಿಗೆ ಎಳೆಯಲಾಗದು. ಅದಕ್ಕೆ ಆಳದ ನೀರು, ಡೀಸೆಲ್, ಐಸ್ ಎಲ್ಲವೂ ಒಂದೇ ಕಡೆ ಬೇಕು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದು, ದಡಕ್ಕೆ ಬರಬೇಕಾದ ಬಂಗುಡೆಯ ಹಿಂಡನ್ನು ದೂರದಲ್ಲೇ ಸುತ್ತಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ನಿಂತುಹೋದವು. ಮೀನು ಹೀಗೆ ಹಳೆಯ ಸರಕು ಬಂದರಿನ ಜಾಗಕ್ಕೆ ಬಂದು ಸೇರಿತು. ಹೆಚ್ಚು ಮೀನು, ದೂರದ ಮಾರುಕಟ್ಟೆ, ಸಂಬಳದ ಕೆಲಸ ಇದರಿಂದಲೇ ಬಂತು ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ರಂಪಣಿಯೂ ಮೀನು ದಡಕ್ಕೆ ಬಂದರಷ್ಟೇ ಊಟ ಕೊಡುತ್ತಿತ್ತು. ಆದರೂ ಲಾಭದ ಲೆಕ್ಕದಲ್ಲಿ ಒಂದು ನಷ್ಟ ಬಿಟ್ಟುಹೋಗಿದೆ: ಹಗ್ಗ ಹಿಡಿದವನಿಗೆಲ್ಲ ಇದ್ದ ಪಾಲು ಬಂಡವಾಳ ಹೂಡಿದವನ ಕಡೆ ಸರಿಯಿತು, ಬುಟ್ಟಿಯ ಹೆಂಗಸು ಲಾರಿಯ ವ್ಯಾಪಾರಿಯೆದುರು ಏಲಂ ಕೂಗಬೇಕಾಯಿತು. ಹಳೆಯ ಪದ್ಧತಿ ಪೂರ್ತಿ ಸತ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ನಿಂತಾಗ ಉಪ್ಪುಂದ, ಮರವಂತೆಯ ನಾಡದೋಣಿಗಳು ಕಡಲಿಗಿಳಿಯುತ್ತವೆ. ಮರವಂತೆ, ಕೊಡೇರಿಗಳಲ್ಲಿ ಬಂದರು ಕಟ್ಟುವವರು ನಕ್ಷೆಯಲ್ಲಿ ತಡೆಗೋಡೆಯ ಉದ್ದದ ಜೊತೆಗೆ, ಬುಟ್ಟಿ ಹೊತ್ತು ಬರುವ ಹೆಂಗಸರು ನೆರಳಲ್ಲಿ ಕೂತು ವ್ಯಾಪಾರ ಮಾಡುವ ಜಾಗವನ್ನೂ ಗುರುತಿಸಲಿ.