ಮುಂದಕ್ಕೆ ತಿರುಗಿದ ಮುಳ್ಳು

ಗ್ರೀಷ್ಮದ ನಡುವಿನಲ್ಲಿ ಲಂಡನ್ ನಗರದ ಮೇಲೆ ನಾಲ್ಕು ಗಂಟೆಗೂ ಮೊದಲೇ ಹರಡುವ ಬೆಳಕು, ನಿದ್ರಿಸುತ್ತಿರುವ ಮನೆಗಳ ಮುಚ್ಚಿದ ಕಿಟಕಿಗಳಿಗೆ ತಾಗಿ ವ್ಯರ್ಥವಾಗುವುದನ್ನು ಮುಂಜಾನೆಯ ಕುದುರೆಸವಾರಿಯಲ್ಲಿ ಕಂಡು ಮರುಗಿದ ವಿಲಿಯಂ ವಿಲೆಟ್ ಎಂಬ ಗೃಹನಿರ್ಮಾಪಕನು, 1907ರಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ, ಏಪ್ರಿಲಿನ ನಾಲ್ಕು ಭಾನುವಾರಗಳಲ್ಲಿ 20 ನಿಮಿಷದಂತೆ ಗಡಿಯಾರಗಳನ್ನು ಮುಂದೊತ್ತಿ, ಸೆಪ್ಟೆಂಬರಿನಲ್ಲಿ ಅದೇ ಕ್ರಮದಿಂದ ಹಿಂದಕ್ಕೆ ತರಬೇಕೆಂದು ಸೂಚಿಸಿದನು. ಪಾರ್ಲಿಮೆಂಟು ಒಪ್ಪಲಿಲ್ಲ, 1915ರಲ್ಲಿ ಆತನು ತೀರಿಕೊಂಡನು. ಮರುವರ್ಷವೇ, ವಿವೇಕವು ಸಾಧಿಸಲಾರದುದನ್ನು ಯುದ್ಧವು ಸಾಧಿಸಿತೆಂಬುದು ಖೇದಕರವಾದರೂ ಸತ್ಯ: ಕಲ್ಲಿದ್ದಲನ್ನು ಉಳಿಸಲೆಂದು ಜರ್ಮನಿಯು 1916ರ ಏಪ್ರಿಲ್ 30ರ ರಾತ್ರಿ ಹನ್ನೊಂದಕ್ಕೆ ಮುಳ್ಳನ್ನು ಹನ್ನೆರಡಕ್ಕೆ ತಿರುಗಿಸಿತು, ಮೇ 21ರಂದು ಬ್ರಿಟನ್ನೂ ಅನುಸರಿಸಿತು.

ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರಗಳೂ ಒಂದು ಗಂಟೆ ಮುಂದೆ ನಡೆದವು.

ಆ ಪದ್ಧತಿ ನಮ್ಮಲ್ಲಿ ಏಕೆ ನೆಲೆನಿಲ್ಲಲಿಲ್ಲವೆಂದು ವಿದ್ಯಾರ್ಥಿಗಳು ಕೇಳಿದಾಗ, ಉಪಾಧ್ಯಾಯರು ಇಸವಿಗಳನ್ನು ಬಾಯಿಪಾಠ ಮಾಡಿಸುವ ಬದಲು, ಕತ್ತಲೆಯ ಕೊಠಡಿಯಲ್ಲಿ ದೀಪದೆದುರು ಓರೆಯಾಗಿ ಭೂಗೋಲವನ್ನು ಹಿಡಿದು, ಲಂಡನ್ ಮತ್ತು ಬೆಂಗಳೂರುಗಳ ಮೇಲೆ ಸುಣ್ಣದ ಕಡ್ಡಿಯಿಂದ ಚುಕ್ಕೆಯಿಟ್ಟು ಮೆಲ್ಲನೆ ತಿರುಗಿಸುವುದು ಶ್ರೇಯಸ್ಕರವೆಂದು ನನ್ನ ದೃಢವಾದ ಅಭಿಪ್ರಾಯ. ಉತ್ತರದ ಚುಕ್ಕೆಯು ಬೆಳಕಿನಲ್ಲಿ ಬಹುದೂರ ಸಾಗುವುದನ್ನೂ, ಭೂಮಧ್ಯರೇಖೆಗೆ ಸಮೀಪವಾದುದು ಹೆಚ್ಚುಕಡಿಮೆ ಅರ್ಧಾರ್ಧವಾಗಿಯೇ ಉಳಿಯುವುದನ್ನೂ ಮಕ್ಕಳು ಕಣ್ಣಾರೆ ಕಾಣುವರು. ಲಂಡನ್ನಿನ ಅತಿದೀರ್ಘ ಹಗಲಿಗೂ ಅತಿಹ್ರಸ್ವ ಹಗಲಿಗೂ ಸುಮಾರು 9 ಗಂಟೆಗಳ ಅಂತರವಿದ್ದರೆ, ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ ಮಾತ್ರ.